ಹಸಿರಿಗೆ ಕೊಟ್ಟ ಅಂಕ

ಈ ಮಾರ್ಚ್‌ನಲ್ಲಿ ಯಲಹಂಕ ಹಳೇ ಊರಿನ ಹೂವಿನ ಅಂಗಡಿಯೊಂದರ ಮುಂದೆ ನಿಂತಿದ್ದೆ. ಮಲ್ಲಿಗೆ ಮೊಳ ಹಾಕುತ್ತಿದ್ದ ಹೆಂಗಸು ಪಕ್ಕದ ಬುಟ್ಟಿಯ ಮೇಲಿದ್ದ ಒದ್ದೆ ಗೋಣಿ ಸರಿಸಿದಳು. ಒಳಗಿದ್ದ ದವನದ ಘಾಟು ಎದ್ದು ನೇರ ಮೂಗಿಗೆ ಬಡಿಯಿತು.

"ದವನ ಸೇರ್ಸಿ ಕಟ್ಲಾ ಅಕ್ಕ?"

ಬೇಡ ಅಂದೆ. ಯಾಕೆ ಅಂತ ಅವಳು ಕೇಳಲಿಲ್ಲ. ಆದರೆ ಕಾಲೇಜಿನ ಮೂರೂ ವರ್ಷ ಚರ್ಚಾಸ್ಪರ್ಧೆಗಳಲ್ಲೇ ಕಳೆದವಳಿಗೆ ಯಾರೂ ಕೇಳದ ಪ್ರಶ್ನೆಗೂ ಉತ್ತರ ಹೊಂದಿಸಿಕೊಳ್ಳುವ ಚಟ. ಬಸ್ಸಿನಲ್ಲಿ ಹುಣಸಮಾರನಹಳ್ಳಿಯವರೆಗೂ ಹೊಂದಿಸುತ್ತಲೇ ಬಂದೆ. ಐದು ವರ್ಷದ ಹಿಂದೆ, 2014ರ ಮಳೆಗಾಲದಲ್ಲಿ, ಇದೇ ವಾಸನೆ ಒಂದು ಅಂಚೆ ಲಕೋಟೆಯೊಳಗಿಂದ ಎದ್ದು ಬಂದಿತ್ತು. ಅವತ್ತು ನಾನು ಆ ಲಕೋಟೆಯನ್ನು ಮೂಸಿ, ಚೆನ್ನಾಗಿದೆ ಅಂದುಕೊಂಡು, ಡ್ರಾಯರ್‌ಗೆ ಹಾಕಿದ್ದೆ.

ಆಗ ನನಗೆ ಇಪ್ಪತ್ಮೂರು. ಆರ್.ಟಿ. ನಗರದ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಆರು ಕಂಪ್ಯೂಟರ್‌ಗಳ ಕಚೇರಿ. ಉಪಗ್ರಹ ತೆಗೆದ ಚಿತ್ರಗಳನ್ನು ನೋಡಿ ದೂರದ ನೆಲದ ಆರೋಗ್ಯ ಹೇಳುವುದು ನಮ್ಮ ಕೆಲಸ. ಬೆಳಿಗ್ಗೆ ಹತ್ತಕ್ಕೆ ಬನ್ನಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತಿದ್ದ ಹಾಗೇ ನಾವು ಹಿಮಾಲಯವನ್ನು ತೆರೆದು ಕೂರುತ್ತಿದ್ದೆವು. ನಮ್ಮಲ್ಲೊಬ್ಬರೂ ಹಿಮಾಲಯ ಕಂಡವರಲ್ಲ. ನಾನು ಹತ್ತಿದ ಅತಿ ಎತ್ತರದ ಜಾಗ ನಂದಿ ಬೆಟ್ಟ, ಅದೂ ಚಿಕ್ಕಪ್ಪನ ಜೀಪಿನಲ್ಲಿ.

ಆ ವರ್ಷ ಬಂದ ಕೆಲಸ ಒಂದು ಎತ್ತರದ ಹುಲ್ಲುಗಾವಲಿನದು. ಮರಗಳು ಇನ್ನು ಬೆಳೆಯಲಾರೆವು ಎಂದು ನಿಂತುಬಿಡುವ ಎತ್ತರಕ್ಕೂ ಮೇಲೆ ಅದು ಇತ್ತು. ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಹಿಮ, ಉಳಿದಷ್ಟು ದಿನ ಹುಲ್ಲು. ಕೆಳಗಿನ ಹಳ್ಳಿಯ ಕುರಿಗಳು ತಲೆಮಾರುಗಳಿಂದ ಅಲ್ಲಿಗೆ ಹತ್ತುತ್ತಿದ್ದವು. ಇತ್ತೀಚಿನ ವರ್ಷಗಳಲ್ಲಿ ಚಾರಣಿಗರ ಟೆಂಟುಗಳೂ ಹತ್ತಿದ್ದವು. ಹುಲ್ಲುಗಾವಲು ಹಾಳಾಗುತ್ತಿದೆಯೆಂದು ಯಾರೋ ದೂರು ಕೊಟ್ಟಿದ್ದರು. ಹಾಳಾಗಿದೆಯೇ, ಆಗಿದ್ದರೆ ಯಾರನ್ನು ಹೊರಗಿಡಬೇಕು, ಟೆಂಟುಗಳನ್ನೋ ಕುರಿಗಳನ್ನೋ? ನಮ್ಮ ವರದಿ ನೋಡಿ ಇದನ್ನು ತೀರ್ಮಾನಿಸುವವರಿದ್ದರು.

ನಮ್ಮ ಲೆಕ್ಕಾಚಾರ ಸರಳ. ಹತ್ತು ವರ್ಷದ ಅಂತರದ ಎರಡು ಚಿತ್ರಗಳನ್ನು ಸಣ್ಣ ಚೌಕಗಳಾಗಿ ಒಡೆಯುವುದು. ಪ್ರತಿ ಚೌಕದಲ್ಲೂ ಎಷ್ಟು ಹಸಿರಿದೆ, ಎಷ್ಟು ತೇವ, ಎಷ್ಟು ಬಿಸಿ, ಎಷ್ಟು ಬರಿನೆಲ ಎಂದು ನೋಡುವುದು. ನಾಲ್ಕನ್ನೂ ಸೇರಿಸಿ ಒಂದು ಅಂಕ ಕೊಡುವುದು. ಅಂಕ ಏರಿದರೆ ನೆಲ ಸುಧಾರಿಸಿದೆ, ಇಳಿದರೆ ಕೆಟ್ಟಿದೆ. ಆದರೂ ನೆಲದ ಮೇಲೆ ನಿಂತು ನೋಡಿ ಬರುವವರೊಬ್ಬರು ಬೇಕು. ಆ ಒಬ್ಬರು ಧನ್ ಸಿಂಗ್.

ಧನ್ ಸಿಂಗ್ ಆ ಹುಲ್ಲುಗಾವಲಿನ ಕೆಳಗಿನ ಹಳ್ಳಿಯವರು, ನಲವತ್ತರ ಆಸುಪಾಸು. ಚಳಿಗಾಲದಲ್ಲಿ ಅಲ್ಲಿ ಮಾಡಲು ಕೆಲಸವಿಲ್ಲದೆ ಬೆಂಗಳೂರಿಗೆ ಬಂದು ಜಕ್ಕೂರಿನ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯೂರಿಟಿಯಾಗಿ ನಿಲ್ಲುತ್ತಿದ್ದರು. ಬೇಸಿಗೆ ಶುರುವಾಗುತ್ತಲೇ ಕುರಿ ಹತ್ತಿಸಲು ಊರಿಗೆ ಹೊರಟುಬಿಡುತ್ತಿದ್ದರು. ಐದಾರು ವರ್ಷ ಹೀಗೆ ಓಡಾಡಿ ಗೇಟಿನ ಕನ್ನಡ ಕಲಿತಿದ್ದರು. ಅದೇ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಸದಾನಂದ ಸರ್ ಮನೆ. ಕಚೇರಿಯ ಯಜಮಾನರು ಅವರೇ. "ನಮ್ ಗೇಟಲ್ಲೇ ಎಕ್ಸ್‌ಪರ್ಟ್ ಇದಾನೆ ಕಣ್ರೀ" ಎಂದು ಫೆಬ್ರವರಿಯಲ್ಲಿ ಅವರನ್ನು ಕರೆತಂದರು.

ಧನ್ ಸಿಂಗ್‌ಗೆ ತರಬೇತಿ ಕೊಟ್ಟವಳು ನಾನು. ಫಾರಂ ತಯಾರಿಸಿದವಳೂ ನಾನೇ. ಹುಲ್ಲುಗಾವಲಿನ ನಲವತ್ತು ಜಾಗ, ಜಾಗಕ್ಕೊಂದು ಹಾಳೆ. 'ಹಸಿರು ಹೊದಿಕೆ: ಇದೆ, ಸ್ವಲ್ಪ ಇದೆ, ಇಲ್ಲ.' ಒಂದಕ್ಕೆ ಟಿಕ್ ಹಾಕಬೇಕು. ಧನ್ ಸಿಂಗ್ ಹಾಳೆಯನ್ನು ತಿರುಗಿಸಿ ಹಿಂದೆ ನೋಡಿದರು.

"ಇನ್ನೇನೂ ಬರಿಯೋದಿಲ್ವಾ ಮೇಡಂ?"

"ಅಷ್ಟೇ. ಸುಲಭ ಮಾಡಿದೀನಿ ನಿಮಗೆ."

"ಯಾವ ಹಸಿರು ಅಂತ?"

"ಹಸಿರು ಅಂದ್ರೆ ಹಸಿರು ಧನ್ ಸಿಂಗ್."

ಪಕ್ಕದ ಕಂಪ್ಯೂಟರಿನಲ್ಲಿ ನಕಾಶೆ ಕೂಡಿಸುತ್ತಿದ್ದ ನವೀನ ನಕ್ಕ. "ಕೇಳ್ಬೇಡಿ ಬಾಸ್. ಈಯಮ್ಮನ ಹತ್ರ ವಾದಕ್ಕೆ ಇಳಿದೋರು ಯಾರೂ ವಾಪಸ್ ಬಂದಿಲ್ಲ." ಧನ್ ಸಿಂಗ್ ಕೂಡ ನಕ್ಕು, ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಶರ್ಟಿನೊಳಗೆ ಇಟ್ಟುಕೊಂಡರು.

ನವೀನ ಹೇಳಿದ್ದು ಸುಳ್ಳಲ್ಲ. ನನಗೆ ಗೋಳಾಡುವವರನ್ನು ಕಂಡರೆ ಆಗುತ್ತಿರಲಿಲ್ಲ. ಯಲಹಂಕದ ಕಡೆ ಯಾರ ಮನೆಗೆ ಹೋದರೂ ಒಂದೇ ಮಾತು. ಮುಂಚೆ ಇಲ್ಲಿ ಫ್ಯಾನೇ ಬೇಕಿರಲಿಲ್ಲ, ಮುಂಚೆ ಕೆರೆ ನೀರು ಕುಡೀತಿದ್ವಿ, ಮುಂಚೆ ಅದು, ಮುಂಚೆ ಇದು. ಹೇಳುವವರೇ ಜಮೀನು ಸೈಟು ಮಾಡಿ ಮಾರಿದವರು. ನಮ್ಮ ಚಿಕ್ಕಪ್ಪನೂ ಅದರಲ್ಲೊಬ್ಬ. ಕಾಲೇಜಿನ ಅಂತಿಮ ಸುತ್ತಿನಲ್ಲಿ ನಾನು ಮಾತಾಡಿದ್ದು ಇದರ ಮೇಲೆಯೇ. ನೆನಪು ಪುರಾವೆಯಲ್ಲ, ನೆನಪು ವಯಸ್ಸಾದವರ ವಕೀಲ ಎಂದಿದ್ದೆ. ಚಪ್ಪಾಳೆ ಬಿದ್ದಿತ್ತು. ಗೆಲ್ಲುವ ಇನ್ನೊಂದು ಗುಟ್ಟನ್ನೂ ಅಲ್ಲೇ ಕಲಿತಿದ್ದೆ. ನಿನ್ನ ಸತ್ಯವನ್ನು ನೀನು ಹೇಳಬೇಡ, ಎದುರಿನವರ ಬಾಯಿಂದ ಒಂದೊಂದೇ 'ಹೌದು' ತೆಗೆ.

ಜುಲೈ ಮೊದಲ ವಾರ ಭರ್ತಿಯಾದ ಹಾಳೆಗಳು ಬಂದವು. ನಲವತ್ತರಲ್ಲೂ 'ಇದೆ' ಎಂಬುದಕ್ಕೆ ಟಿಕ್. ನಮ್ಮ ಚಿತ್ರವೂ ಹಾಗೇ ಹೇಳುತ್ತಿತ್ತು. ಹತ್ತು ವರ್ಷದ ಹಿಂದೆ ಮಾಸಲು ಹಳದಿಯಿದ್ದ ಇಳಿಜಾರು ಈಗ ಗಾಢ ಹಸಿರು, ಅಂಕ ಏರಿತ್ತು. ಎಲ್ಲ ಸರಿಹೊಂದಿತು ಅಂದುಕೊಳ್ಳುವಷ್ಟರಲ್ಲಿ ಧನ್ ಸಿಂಗ್ ಫೋನ್ ಮಾಡಿ, ಹುಲ್ಲು ಸತ್ತುಹೋಗಿದೆ ಎಂದರು.

ಸದಾನಂದ ಸರ್ ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿ ಫೋನನ್ನು ಸ್ಪೀಕರಿಗೆ ಹಾಕಿದರು. ಸಿಗ್ನಲ್ಲಿಗಾಗಿ ಧನ್ ಸಿಂಗ್ ಯಾವುದೋ ದಿಣ್ಣೆ ಹತ್ತಿ ನಿಂತಿದ್ದರು. ಮಾತಿನ ನಡುನಡುವೆ ಗಾಳಿ ಬಟ್ಟೆ ಒಗೆದ ಹಾಗೆ ಬಡಿಯುತ್ತಿತ್ತು.

"ಧನ್ ಸಿಂಗ್, ನಲವತ್ತು ಜಾಗಾನೂ ನೀವೇ ನೋಡಿದ್ರಿ ಅಲ್ವಾ?"

"ಹೌದು ಮೇಡಂ. ನಡ್ಕೊಂಡು ಹೋಗಿ ನೋಡಿದೆ."

"ಹಸಿರು ಇದೆ ಅಂತ ಎಷ್ಟು ಕಡೆ ಬರೆದ್ರಿ?"

"ಎಲ್ಲ ಕಡೆ. ಹಸಿರು ಇದೆ ಮೇಡಂ. ಆದ್ರೆ..."

"ಒಂದ್ನಿಮಿಷ. ನೀವು ಚಿಕ್ಕೋರಿದ್ದಾಗ ಮೇಲೆ ಎಷ್ಟು ಕುರಿ ಬರ್ತಿತ್ತು?"

"ಅಯ್ಯೋ, ತುಂಬಾ. ಬೆಟ್ಟ ಬೆಳ್ಳಗೆ ಕಾಣ್ತಿತ್ತು."

"ಈಗ?"

"ಕಡಿಮೆ. ಹುಡುಗ್ರು ಯಾರೂ ಮೇಯಿಸಲ್ಲ ಈಗ."

"ಅಂದ್ರೆ ಕುರಿ ಕಡಿಮೆ ಆಯ್ತು, ಹಸಿರು ಜಾಸ್ತಿ ಆಯ್ತು. ಎರಡೂ ನಿಮ್ಮ ಮಾತೇ."

ಗಾಳಿ ಬಡಿಯಿತು. "ಹೌದು ಮೇಡಂ. ಆದ್ರೆ ಅದು ಹುಲ್ಲಲ್ಲ. ದೊಡ್ಡ ಎಲೆ. ಕುರಿ ಮೂಸ್ತದೆ, ಬಿಡ್ತದೆ. ಹಿಮ ಬೇಗ ಹೋಗ್ತದೆ ಈಗ, ಕೆಳಗಿನ ಗಿಡ ಎಲ್ಲ ಮೇಲೆ ಬಂತು. ಟೆಂಟ್ ಹತ್ರ ಕುದುರೆ ಕಟ್ತಾರಲ್ಲ, ಅಲ್ಲಿ ಇನ್ನೂ ಜಾಸ್ತಿ. ಹಳೇ ಹುಲ್ಲು ಇಲ್ಲ."

"ಹಳೇ ಹುಲ್ಲು ಎಷ್ಟಿತ್ತು ಅಂತ ಹೇಗೆ ಹೇಳ್ತೀರಾ? ಅಳತೆ ಮಾಡಿದ್ರಾ?"

"ಅಳತೆ ಇಲ್ಲ ಮೇಡಂ. ಅದ್ರ ಮೇಲೆ ಮಲಗ್ತಿದ್ವಿ."

ಮೇಜಿನ ಸುತ್ತ ಎಲ್ಲರೂ ನಕ್ಕರು. ನಾನೂ ನಕ್ಕೆ. ಫೋನಿನ ಆ ಕಡೆ ಧನ್ ಸಿಂಗ್‌ಗೆ ನಗು ಕೇಳಿಸಿರಬೇಕು. "ಸರಿ ಮೇಡಂ, ನೀವು ಓದಿದೋರು" ಎಂದರು. ಫೋನ್ ಇಟ್ಟ ಮೇಲೆ ನವೀನ, "ಏನ್ ಗುರು, ಮಿಡ್ಲ್ ಸ್ಟಂಪೇ ಎಗರಿಸಿಬಿಟ್ಟೆ" ಎಂದ. "ನೆನಪು ಪುರಾವೆ ಅಲ್ವಲ್ಲ ಸರ್" ಎಂದೆ ನಾನು, ಸದಾನಂದ ಸರ್ ಕಡೆ ತಿರುಗಿ. ವರದಿಯ ಮೊದಲ ಪುಟವನ್ನು ಆ ಮಧ್ಯಾಹ್ನವೇ ಬರೆದೆ. ಕುರಿಗಳು ಕಡಿಮೆಯಾದ್ದರಿಂದ ಹುಲ್ಲುಗಾವಲಿನ ಗುಣಮಟ್ಟ ಸುಧಾರಿಸಿದೆ. ಮೇಯಿಸುವುದನ್ನು ಇನ್ನಷ್ಟು ತಡೆದರೆ ಮತ್ತಷ್ಟು ಸುಧಾರಿಸಲಿದೆ. ಟೆಂಟುಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ನಮ್ಮ ಚೌಕಗಳಲ್ಲಿ ಟೆಂಟು ಕಾಣುವಷ್ಟು ದೊಡ್ಡದಲ್ಲ.

ಧನ್ ಸಿಂಗ್ ಕಳಿಸಿದ ಲಕೋಟೆ ಬಂದದ್ದು ಇದಾದ ಎರಡು ವಾರಕ್ಕೆ. ಹಿಂದಿ ಪತ್ರಿಕೆಯ ಹಾಳೆಗಳ ನಡುವೆ ಒತ್ತಿ ಒಣಗಿಸಿದ ಮೂರು ಕಂತೆ. ಒಂದರಲ್ಲಿ ಅಂಗೈಯಷ್ಟು ಅಗಲದ ಎಲೆಗಳು. ಇನ್ನೊಂದು ನಮ್ಮ ದವನದ ಹಾಗೇ ವಾಸನೆ ಬೀರುವ ಬೂದುಬಣ್ಣದ ಗಿಡ. ಮೂರನೆಯದು ಹುಲ್ಲು: ಕೂದಲಿನಷ್ಟು ಸಣ್ಣ, ಬೆರಳಿನಷ್ಟು ಗಿಡ್ಡ, ಬೇರಿನ ಜೊತೆ ಒಂದು ಹಿಡಿ ಕಪ್ಪು ಮಣ್ಣನ್ನು ಇನ್ನೂ ಕಚ್ಚಿ ಹಿಡಿದಿತ್ತು. ಒಂದು ಅಕ್ಷರದ ಪತ್ರವೂ ಇರಲಿಲ್ಲ. ಆಗ ನಾನು ಮಾಡಿದ್ದನ್ನು ಆಗಲೇ ಹೇಳಿದೆ. ಡ್ರಾಯರ್‌ಗೆ ಹಾಕಿದೆ. ವಾದ ಮುಗಿದ ಮೇಲೆ ತಂದ ಪುರಾವೆಯನ್ನು ತೀರ್ಪುಗಾರರು ಪರಿಗಣಿಸುವುದಿಲ್ಲವಲ್ಲ.

ವರದಿ ಸೋಮವಾರ ಹೋಗಬೇಕಿತ್ತು. ಹಿಂದಿನ ಶುಕ್ರವಾರ ಕೆಲಸವಿಲ್ಲದೆ, ಬರೀ ಮೋಜಿಗೆ, ನಮ್ಮೂರು ಹುಣಸಮಾರನಹಳ್ಳಿಯ ಚಿತ್ರವನ್ನು ಅದೇ ಲೆಕ್ಕಾಚಾರಕ್ಕೆ ಹಾಕಿದೆ. ಚಿಕ್ಕಪ್ಪನ ಲೇಔಟಿಗೆ ಸೊನ್ನೆ ಬರಲಿ, ಮನೆಯಲ್ಲಿ ರೇಗಿಸೋಣ ಎಂಬ ಆಸೆ. ಲೇಔಟಿಗೆ ಕಡಿಮೆ ಅಂಕವೇ ಬಂತು. ಆದರೆ ಅದರ ಪಕ್ಕದ ಗೋಮಾಳ ಕಣ್ಣಿಗೆ ಹೊಡೆಯುವಷ್ಟು ಹಸಿರಾಗಿ 'ಅತ್ಯುತ್ತಮ' ಎಂದು ಕೂತಿತ್ತು. ಅಂತರಗಂಗೆ ಮುಚ್ಚಿ ನೀರೇ ಕಾಣದ ಕೆರೆ 'ಉತ್ತಮ'. ನಮ್ಮ ಊರಿನಲ್ಲಿ ನನಗೆ ಗೊತ್ತಿದ್ದ ಎರಡು ಸತ್ತ ಜಾಗಗಳಿಗೆ ನನ್ನ ಲೆಕ್ಕ ಅತಿ ಹೆಚ್ಚು ಅಂಕ ಕೊಟ್ಟಿತ್ತು.

ಸಂಜೆ ಮನೆಗೆ ಹೋದಾಗ ಅಜ್ಜಿ ಉಳಿದಿದ್ದ ಒಂದೇ ಹಸುವಿಗೆ ಕೊಂಡು ತಂದ ಸೀಮೆಹುಲ್ಲು ಕತ್ತರಿಸಿ ಹಾಕುತ್ತಿದ್ದಳು.

"ಅಜ್ಜಿ, ಗೋಮಾಳ ಅಷ್ಟೊಂದು ಹಸಿರಾಗಿದೆ. ಹಸೂನ ಅಲ್ಲಿಗೆ ಯಾಕೆ ಬಿಡಲ್ಲ?"

"ಯಾಕೆ, ಅಸ ಸಾಯ್ಲಿ ಅಂತಾನಾ? ಅಲ್ಲಿ ಇರೋದೆಲ್ಲ ಕಾಂಗ್ರೆಸ್ ಗಿಡ. ಅಸ್ರಾಗಿರೋದೆಲ್ಲ ಉಲ್ಲಾದ್ರೆ ನಿಮ್ ಚಿಕ್ಕಪ್ಪನ ಜೀಪ್ನೂ ಅಸ್ರೇ. ಅದ್ನೂ ಮೇಯ್ಸು ಓಗು."

ಅಜ್ಜಿಗೆ ಎಲ್ಲ ಗೊತ್ತಿತ್ತು, ಮೊಮ್ಮಗಳಿಗೆ ಏನೂ ಗೊತ್ತಿರಲಿಲ್ಲ ಎಂಬ ಕತೆ ಇದಲ್ಲ. ಅಂಥ ಕತೆಗಳನ್ನು ನಾನು ಇವತ್ತಿಗೂ ನಂಬುವುದಿಲ್ಲ. ಅಜ್ಜಿ ಅದೇ ಕೊಟ್ಟಿಗೆಯ ಹಿಂದೆ ದಿನಾ ಪ್ಲಾಸ್ಟಿಕ್ ಸುಡುತ್ತಿದ್ದಳು. ಹಸಿರೆಲ್ಲ ಮೇವಲ್ಲ ಎಂದು ನನಗೂ ಗೊತ್ತಿತ್ತು, ಅದೇ ಇಲ್ಲಿನ ಸಂಕಟ. ಕಾಂಗ್ರೆಸ್ ಗಿಡ ತಗುಲಿ ಚಿಕ್ಕಂದಿನಲ್ಲಿ ಕಾಲೆಲ್ಲ ತುರಿಸಿಕೊಂಡು ಅತ್ತವಳು ನಾನು. ಆ ಗಿಡದ ನಡುವೆ ಹಸು ಬಾಯಿ ಮುಚ್ಚಿಕೊಂಡು ನಡೆಯುವುದನ್ನು ನೋಡಿ ಬೆಳೆದವಳು. ಆದರೂ ಹಸಿರು ಅಂದರೆ ಹಸಿರು ಎಂದು ಫಾರಂ ಬರೆದೆ. ಯಾವ ಬಾಯಿ ಅದನ್ನು ತಿನ್ನುತ್ತದೆ ಎಂಬುದಕ್ಕೆ ಅದರಲ್ಲಿ ಜಾಗ ಬಿಡಲಿಲ್ಲ. ಜಾಗ ಎಲ್ಲಿ ಎಂದು ಹಾಳೆ ತಿರುಗಿಸಿ ಹುಡುಕಿದವರು ಧನ್ ಸಿಂಗ್ ಒಬ್ಬರೇ.

ಶನಿವಾರ ಕಚೇರಿ ತೆರೆಯುವ ಮೊದಲೇ ಹೋಗಿ ಬೇಕರಿಯ ಮುಂದೆ ಕಾದೆ. ಸದಾನಂದ ಸರ್ ಬಂದರು. ಮೇಜಿನ ಮೇಲೆ ಲಕೋಟೆ ಬಿಚ್ಚಿ ಹರಡಿದೆ. ನಮ್ಮೂರಿನ ಚಿತ್ರವನ್ನೂ ತೋರಿಸಿದೆ. ಅವರು ಒಳ್ಳೆಯವರು, ಕೊನೆಯವರೆಗೂ ಕೇಳಿದರು.

"ಏನ್ ಮಾಡ್ಬೇಕು ಅಂತೀಯಮ್ಮ ಈಗ?"

"ಫಾರಂ ಬದಲಾಯಿಸಿ ಧನ್ ಸಿಂಗ್‌ನ ಇನ್ನೊಂದ್ ಸಲ ಕಳ್ಸೋಣ ಸರ್. ಯಾವ ಗಿಡ ಅಂತ ಬರೀಲಿ. ಮೂರು ವಾರ ಸಾಕು."

ಅವರು ನನ್ನೆದುರೇ ಕೆಲಸ ಕೊಟ್ಟವರಿಗೆ ಫೋನ್ ಮಾಡಿದರು. ಆ ಕಡೆಯಿಂದ ಆಗುವುದಿಲ್ಲ ಎಂದರು. ಫೋನ್ ಕೆಳಗಿಟ್ಟು ಕನ್ನಡಕ ತೆಗೆದು ಒರೆಸಿಕೊಂಡರು.

"ನಮಗೆ ಕೇಳಿರೋದು ಅಂಕ ಮಮತಾ. ಯಾವ ಗಿಡ ಅಂತ ಯಾರೂ ಕೇಳಿಲ್ಲ."

"ಅಂಕ ತಪ್ಪು ಸರ್."

"ಲೆಕ್ಕ ತಪ್ಪಾ?"

"ಲೆಕ್ಕ ಸರಿ. ಆದ್ರೆ ಅದ್ರ ಅರ್ಥ..."

"ಅವತ್ತು ನೀನೇ ಹೇಳ್ದೆ, ನೆನಪು ಪುರಾವೆ ಅಲ್ಲ ಅಂತ. ಧನ್ ಸಿಂಗ್ ನೆನಪು ಪುರಾವೆ ಅಲ್ಲ ಅಂದ್ರೆ ನಿಮ್ಮಜ್ಜಿ ಹಸು ಪುರಾವೆ ಹೆಂಗಾಗುತ್ತಮ್ಮ? ಮೂರ್ ಎಲೆ ಇಟ್ಕೊಂಡು ಬೆಟ್ಟಾನೇ ಸತ್ತೋಯ್ತು ಅಂತ ಬರೀಲಾ? ಅಲ್ಲಿ ಯಾರಾದ್ರೂ ನಿನ್ ಥರ ಕೂತು ಪ್ರಶ್ನೆ ಕೇಳಿದ್ರೆ ನಾನೇನ್ ಹೇಳ್ಲಿ?"

ನನ್ನ ಥರ ಕೂತವಳು ಏನು ಕೇಳುತ್ತಾಳೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಕೊನೆಗೆ ಸರ್ ಒಂದು ದಾರಿ ತೋರಿಸಿದರು. ವರದಿಯ ಕೊನೆಯ ಅನುಬಂಧದಲ್ಲಿ ಒಂದು ಟಿಪ್ಪಣಿ ಸೇರಿಸು. ಒಪ್ಪಿಕೊಂಡೆ.

ಇದರಿಂದ ನುಣುಚಿಕೊಂಡು ಮುಂದೆ ಹೋಗಬಾರದು. ವರದಿಗೆ ನನ್ನ ಸಹಿಯೂ ಬೇಕಿತ್ತು. ಹಾಕುವುದಿಲ್ಲ ಎನ್ನಬಹುದಿತ್ತು, ಕೆಲಸ ಹೋಗುತ್ತಿತ್ತು, ಅಷ್ಟೇ. ಹೇಗೂ ಆರು ತಿಂಗಳಿಗೆ ನಾನೇ ಅದನ್ನು ಬಿಟ್ಟೆ. ಆದರೆ ಅವತ್ತು ಮೊದಲ ಪುಟವನ್ನು ಒಂದು ಅಕ್ಷರವೂ ತಿದ್ದದೆ ಹಾಗೇ ಬಿಟ್ಟು, ಕೊನೆಯಿಂದ ಎರಡನೆಯ ಪುಟದಲ್ಲಿ ನಾಲ್ಕು ಸಾಲು ಬರೆದೆ. 'ಸಸ್ಯಗಳ ಸ್ವರೂಪದಲ್ಲಿ ಬದಲಾವಣೆಯಾಗಿರುವ ಸಾಧ್ಯತೆಯನ್ನು ಪರಿಶೀಲಿಸುವುದು ಸೂಕ್ತವೆಂದು ಅಭಿಪ್ರಾಯಪಡಲಾಗಿದೆ.' ಯಾರ ಅಭಿಪ್ರಾಯ, ಯಾರ ಹುಲ್ಲು, ಯಾರ ಕುರಿ, ಒಂದೂ ತಿಳಿಯದ ವಾಕ್ಯ. ಬರೆಯುವಾಗಲೇ ಗೊತ್ತಿತ್ತು, ಮೊದಲ ಪುಟದ ಹಸಿರು ಚಿತ್ರ ದಾಟಿ ಅಲ್ಲಿಯವರೆಗೆ ಯಾರೂ ಬರುವುದಿಲ್ಲ.

ಯಾರೂ ಬರಲಿಲ್ಲ. ಸೆಪ್ಟೆಂಬರ್ ಮೊದಲ ವಾರ ನವೀನ ಗೆಳೆಯರ ಜೊತೆ ಅಲ್ಲಿಗೇ ಚಾರಣಕ್ಕೆ ಹೋದ. ವಾಟ್ಸ್ಯಾಪಿನಲ್ಲಿ ಫೋಟೋ ಕಳಿಸಿದ. ಸೊಂಟದವರೆಗೆ ಅಗಲ ಎಲೆಗಳ ನಡುವೆ ನಿಂತು ಎರಡು ಕೈ ಚಾಚಿದ್ದಾನೆ, ಹಿಂದೆ ಕೆಂಪು, ನೀಲಿ ಟೆಂಟುಗಳ ಎರಡು ಸಾಲು. 'ನಮ್ ಬೆಟ್ಟ ಗುರು! ಎಷ್ಟ್ ಹಸಿರು ನೋಡು!' ಟೆಂಟಿನಲ್ಲಿದ್ದವರಲ್ಲಿ ಅರ್ಧ ಜನ ಬೆಂಗಳೂರಿನವರೇ ಅಂತೆ; ಬೆಂಕಿಯ ಸುತ್ತ ಕನ್ನಡ ಹಾಡು ಹಾಡಿದರಂತೆ. ನಾನು ಫೋಟೋ ದೊಡ್ಡದು ಮಾಡಿ ಹುಲ್ಲು ಹುಡುಕಿದೆ. ಅವನ ಶೂಗಳ ಹತ್ತಿರ ನೆಲ ಕಿತ್ತು ಕಪ್ಪು ಮಣ್ಣು ಬಾಯಿ ಬಿಟ್ಟಿತ್ತು.

ಆಮೇಲೆ ತುಂಬ ಓದಿದೆ, ಬೇಕಾಗದಿದ್ದರೂ. ಆ ಗಿಡ್ಡ ಹುಲ್ಲಿನ ಬೇರುಗಳು ಚಾಪೆಯಂತೆ ಹೆಣೆದುಕೊಂಡು ಇಳಿಜಾರಿನ ಮಣ್ಣನ್ನು ಹಿಡಿದಿರುತ್ತವೆ. ಚಾಪೆ ಹರಿದರೆ ಒಂದೆರಡು ಮಳೆಗೆ ಮಣ್ಣು ಹೊಳೆಗಿಳಿಯುತ್ತದೆ, ಅದು ಮತ್ತೆ ಕೂಡಲು ಮನುಷ್ಯರ ಆಯುಷ್ಯ ಸಾಲದು. ಕೆಳಗೆ ಸೆಕೆಯಾದರೆ ಗಿಡ, ಹಕ್ಕಿ, ಹುಳು ಎಲ್ಲವೂ ತಂಪು ಹುಡುಕಿ ಮೇಲೆ ಮೇಲೆ ಹತ್ತುತ್ತವೆ. ಎಲ್ಲಕ್ಕಿಂತ ಮೇಲಿರುವುದು ಮಾತ್ರ ಎಲ್ಲಿಗೂ ಹೋಗಲಾರದು. ಅದರ ಪಾಲಿಗೆ ಬೆಟ್ಟ ಮುಗಿದಿರುತ್ತದೆ. ಇದಕ್ಕೆ ಎದುರು ವಾದ ಹುಡುಕಿ ನೋಡಿದ್ದೇನೆ, ಚಟಕ್ಕಾದರೂ. ಸಿಕ್ಕಿಲ್ಲ.

ಮರುವರ್ಷ ಮೇ ತಿಂಗಳಲ್ಲಿ, ಬಿಟ್ಟ ಕೆಲಸದ ಅನುಭವ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಲು ಜಕ್ಕೂರಿನ ಸದಾನಂದ ಸರ್ ಮನೆಗೆ ಹೋದೆ. ನಡು ಮಧ್ಯಾಹ್ನ. ಏರೋಡ್ರೋಮಿನ ಕಡೆಯಿಂದ ಸಣ್ಣ ವಿಮಾನವೊಂದು ತಲೆಯ ಮೇಲೆ ಗೊರಗುಟ್ಟುತ್ತ ಸುತ್ತುತ್ತಿತ್ತು. ಅಪಾರ್ಟ್‌ಮೆಂಟಿನ ಗೇಟಿನಲ್ಲಿ, ನೀಲಿ ಸಮವಸ್ತ್ರದ ಕಂಕುಳಲ್ಲಿ ಬೆವರಿನ ಕಲೆ ಮಾಡಿಕೊಂಡು, ಧನ್ ಸಿಂಗ್ ನಿಂತಿದ್ದರು.

ಅವರು ಆ ತಿಂಗಳು ಅಲ್ಲಿರಬಾರದಿತ್ತು. ಕುರಿಗಳ ಹಿಂದೆ ಮೇಲೆ ಹತ್ತುತ್ತಿರಬೇಕಿತ್ತು.

"ಮೇ ತಿಂಗಳಲ್ಲಿ ಇಲ್ಲಿದೀರಲ್ಲ ಧನ್ ಸಿಂಗ್?"

"ಈಗ ಇಲ್ಲೇ ಮೇಡಂ. ವರ್ಷ ಪೂರ್ತಿ."

"ಕುರಿ?"

"ಮಾರಿದ್ವಿ. ಮೇಲೆ ಬೋರ್ಡ್ ಹಾಕಿದಾರೆ. ಹುಲ್ಲು ಚೆನ್ನಾಗಿ ಬರ್ತಾ ಇದೆ, ಕುರಿ ತರಬೇಡಿ ಅಂತ."

"ಟೆಂಟಿನವ್ರು?"

"ಅವ್ರು ಹುಲ್ಲು ತಿನ್ನಲ್ವಲ್ಲ ಮೇಡಂ" ಎಂದು ನಕ್ಕರು. ವ್ಯಂಗ್ಯವಿತ್ತೋ ಇಲ್ಲವೋ, ಆ ಮುಖದಲ್ಲಿ ನನಗೆ ಓದಲಾಗಲಿಲ್ಲ.

ಕ್ಷಮಿಸಿ ಎನ್ನಬೇಕೆಂದೇ ಬಾಯಿ ತೆರೆದೆ. ಬಂದದ್ದು ಬೇರೆ. ಒಂದು ವರದಿಯಿಂದ ಇಷ್ಟೆಲ್ಲ ಆಗುವುದಿಲ್ಲ ಧನ್ ಸಿಂಗ್, ಅಂದೆ. ಹಿಮ ಬೇಗ ಕರಗುವುದಕ್ಕೆ ನಾವು ಕಾರಣವಲ್ಲ ಅಂದೆ. ಹುಡುಗರು ಕುರಿ ಮೇಯಿಸುವುದನ್ನು ಮುಂಚೆಯೇ ಬಿಟ್ಟಿದ್ದರು, ನೀವೇ ಹೇಳಿದ್ದಿರಿ ಅಂದೆ. ಹುಲ್ಲು ಮೊದಲೇ ಹೋಗಿತ್ತಲ್ಲ, ಬೋರ್ಡ್ ಇಲ್ಲದಿದ್ದರೂ ಕುರಿ ಮೇಲೆ ಏನು ತಿನ್ನುತ್ತಿದ್ದವು ಅಂದೆ. ಪ್ರತಿ ಮಾತಿಗೂ ಅವರು ತಲೆಯಾಡಿಸಿದರು.

"ಹೌದು ಮೇಡಂ. ನೀವು ಹೇಳೋದು ಸರಿ."

ಹಿಂದೆ ಕಾರೊಂದು ಹಾರ್ನ್ ಹೊಡೆಯಿತು. ಧನ್ ಸಿಂಗ್ ಓಡಿಹೋಗಿ ಅಡ್ಡಗಂಬ ಎತ್ತಿ, ಸಲ್ಯೂಟ್ ಹೊಡೆದು, ಇಳಿಸಿ ಬಂದರು. ನಾನು ಇನ್ನೂ ಬಿಸಿಲಲ್ಲೇ ನಿಂತಿದ್ದೆ.

"ಸರ್ ಊಟಕ್ಕೆ ಹೊರಗೆ ಹೋಗಿದಾರೆ ಮೇಡಂ, ಬರ್ತಾರೆ. ಇಲ್ಲಿ ಕೂತ್ಕೊಳ್ಳಿ" ಎಂದು ತಮ್ಮ ಕಾವಲು ಗೂಡಿನೊಳಗಿನ ಪ್ಲಾಸ್ಟಿಕ್ ಕುರ್ಚಿಯನ್ನು ಅಂಗೈಯಿಂದ ಒರೆಸಿದರು. ಗೂಡಿನಲ್ಲಿ ಒಬ್ಬರಿಗೆ ಸಾಕಾಗುವಷ್ಟು ಮಾತ್ರ ನೆರಳಿತ್ತು.

ನಾನು ಹೋಗಿ ಕೂತೆ. ಅವರು ಹೊರಗೆ ನಿಂತರು.